ಪ್ಲಾಟ್ಸ್‌ಬರ್ಗ್‌ನ ಜನವರಿ ಬಿಲ್: ಬಿಟ್‌ಕಾಯಿನ್ ಗಣಿಯ ಕರೆಂಟ್ ಖರ್ಚು ಯಾರ ತಲೆಗೆ?

ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣ ಎಷ್ಟು ಕರೆಂಟ್ ತಿನ್ನುತ್ತದೆ ಎಂದು ಕೇಳಿ ನೋಡಿ, ಉತ್ತರ ಯಾವುದೋ ದೇಶದ ಹೆಸರಿನಲ್ಲೇ ಬರುತ್ತದೆ. ಆ ದೇಶದಷ್ಟು, ಈ ದೇಶಕ್ಕಿಂತ ಜಾಸ್ತಿ, ಹೀಗೆ. ಈಗ ವರ್ಷಕ್ಕೆ 100 ಟೆರಾವಾಟ್ ಅವರ್‌ ದಾಟಿದೆ. ನಮಗೆ ಗೊತ್ತಿರುವ ಅಳತೆಯಲ್ಲಿ ಹೇಳುವುದಾದರೆ 10,000 ಕೋಟಿ ಯೂನಿಟ್‌ಗೂ ಮೇಲೆ. ಲೆಕ್ಕ ಸರಿಯೇ. ಆದರೆ ಟೆರಾವಾಟ್ ಓದಿ ಯಾರಿಗಾದರೂ ಸಿಟ್ಟು ಬಂದಿದ್ದುಂಟಾ? ಸಿಟ್ಟು ಬರುವುದು ತಿಂಗಳ ಬಿಲ್ ಕೈಗೆ ಬಂದಾಗ.

ಅದಕ್ಕೇ ಈ ಬರಹದಲ್ಲಿ ಜಗತ್ತಿನ ಲೆಕ್ಕ ಬಿಟ್ಟು ಒಂದೇ ಊರನ್ನು ಹಿಡಿದುಕೊಂಡಿದ್ದೇನೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಉತ್ತರ ತುದಿಯಲ್ಲಿರುವ ಪ್ಲಾಟ್ಸ್‌ಬರ್ಗ್. 2018ರ ಮಾರ್ಚ್‌ನಲ್ಲಿ ಹೊಸ ಕ್ರಿಪ್ಟೋ ಗಣಿಗಳಿಗೆ, ಅಂದರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ಹಣ ಗಳಿಸಲು ಹಗಲಿರುಳೂ ಯಂತ್ರ ಓಡಿಸುವ ಜಾಗಗಳಿಗೆ, ತಾತ್ಕಾಲಿಕ ತಡೆ ಹಾಕಿದ ಅಮೆರಿಕದ ಮೊದಲ ನಗರ ಇದು. ಸುದ್ದಿಯಲ್ಲಿ "ನಿಷೇಧ" ಎಂದೇ ಬಂತು. ನನಗೆ ಆ ನಿಷೇಧಕ್ಕಿಂತ ಅದೇ ದಿನ ಬಂದ ಇನ್ನೊಂದು ಆದೇಶ ಮುಖ್ಯ ಅನ್ನಿಸುತ್ತದೆ. ಅದು ಅಷ್ಟು ಸದ್ದು ಮಾಡಲಿಲ್ಲ. ಅಲ್ಲಿಗೆ ಬರೋಣ.

ಊರು ಮತ್ತು ಅದರ ಅಗ್ಗದ ಕರೆಂಟ್

ಪ್ಲಾಟ್ಸ್‌ಬರ್ಗ್ ಇರುವುದು ಶಾಂಪ್ಲೇನ್ ಸರೋವರದ ದಡದಲ್ಲಿ. ಕೆನಡಾ ಗಡಿ ಅಲ್ಲೇ ಹತ್ತಿರ. ಜನಸಂಖ್ಯೆ 20,000ದ ಆಸುಪಾಸು. 1814ರಲ್ಲಿ ಬ್ರಿಟಿಷರ ವಿರುದ್ಧ ಇಲ್ಲೊಂದು ಯುದ್ಧ ನಡೆದಿತ್ತು. 1995ರವರೆಗೆ ವಾಯುಪಡೆಯ ನೆಲೆಯೂ ಇತ್ತು. ನೆಲೆ ಮುಚ್ಚಿದ ಮೇಲೆ ಇಂಥ ಊರುಗಳ ಪಾಡು ಏನು ಅಂತ ಗೊತ್ತಲ್ಲ, ಹೊಸ ಉದ್ಯಮ ಬರಲಿ ಎಂದು ಬಾಗಿಲು ತೆರೆದೇ ಇಟ್ಟಿರುತ್ತಾರೆ.

ಕೈಯಲ್ಲಿ ಒಂದು ಒಳ್ಳೆಯ ಆಸ್ತಿಯೂ ಇತ್ತು. ನಗರಕ್ಕೆ ತನ್ನದೇ ವಿದ್ಯುತ್ ಇಲಾಖೆ ಇದೆ. ರಾಜ್ಯದ ವಿದ್ಯುತ್ ಸಂಸ್ಥೆ ನ್ಯೂಯಾರ್ಕ್ ಪವರ್ ಅಥಾರಿಟಿಯಿಂದ ಅದಕ್ಕೆ ದೀರ್ಘ ಕಾಲದ ಒಪ್ಪಂದದ ಮೇಲೆ 104 ಮೆಗಾವಾಟ್‌ವರೆಗೆ ಜಲವಿದ್ಯುತ್ ಸಿಗುತ್ತದೆ, ಅದೂ ಬಹಳ ಕಡಿಮೆ ದರಕ್ಕೆ. ಆಗ ಮನೆಗಳಿಗೆ ಯೂನಿಟ್‌ಗೆ ಸುಮಾರು 4.5 ಸೆಂಟ್ ಬೀಳುತ್ತಿತ್ತು. ದೊಡ್ಡ ಕೈಗಾರಿಕೆಗಳಿಗೆ ಸುಮಾರು 2 ಸೆಂಟ್. ಅಮೆರಿಕದ ಸರಾಸರಿ 10 ಸೆಂಟ್‌ನ ಆಸುಪಾಸಿನಲ್ಲಿದ್ದ ಕಾಲ ಅದು.

ಕರೆಂಟ್ ಇಷ್ಟು ಅಗ್ಗವಿದ್ದರೆ ಜನ ಅದಕ್ಕೆ ತಕ್ಕ ಹಾಗೆ ಮನೆ ಕಟ್ಟಿಕೊಳ್ಳುತ್ತಾರೆ. ಪ್ಲಾಟ್ಸ್‌ಬರ್ಗ್‌ನ ಎಷ್ಟೋ ಮನೆಗಳಲ್ಲಿ ಚಳಿಗಾಲಕ್ಕೆ ಗ್ಯಾಸ್ ಇಲ್ಲ, ಎಣ್ಣೆ ಇಲ್ಲ, ಬರೀ ಕರೆಂಟ್ ಹೀಟರ್. ಇದನ್ನು ನೆನಪಿಟ್ಟುಕೊಳ್ಳಿ, ಕಥೆ ತಿರುಗುವುದು ಇಲ್ಲೇ.

104 ಎನ್ನುವುದು ಗೋಡೆ. ಅದರೊಳಗೆ ಇದ್ದಷ್ಟು ಹೊತ್ತೂ ಅಗ್ಗ. ದಾಟಿದ ಕ್ಷಣದಿಂದ ಮೇಲಿನ ಕರೆಂಟನ್ನು ಮುಕ್ತ ಮಾರುಕಟ್ಟೆಯಲ್ಲಿ ಆ ಹೊತ್ತಿನ ಬೆಲೆಗೆ ಕೊಳ್ಳಬೇಕು. ಆ ಹೆಚ್ಚುವರಿ ಖರ್ಚನ್ನು ನಗರದ ವಿದ್ಯುತ್ ಇಲಾಖೆ ಎಲ್ಲ ಗ್ರಾಹಕರ ಬಿಲ್‌ಗೂ ಹಂಚಿ ಹಾಕುತ್ತಿತ್ತು. ವರ್ಷಗಟ್ಟಲೆ ಯಾರಿಗೂ ಇದು ತಪ್ಪು ಅನ್ನಿಸಿರಲಿಲ್ಲ. ಎಲ್ಲರೂ ಬಳಸುವವರು, ಎಲ್ಲರೂ ಹಂಚಿಕೊಳ್ಳುತ್ತಾರೆ, ಸರಿಯಾಗೇ ಇದೆಯಲ್ಲ?

ಗಣಿಗಾರರು ಯಾಕೆ ಬಂದರು

2017ರ ಶುರುವಿನಲ್ಲಿ ಒಂದು ಬಿಟ್‌ಕಾಯಿನ್‌ಗೆ ಸುಮಾರು 1,000 ಡಾಲರ್. ಅದೇ ವರ್ಷ ಡಿಸೆಂಬರ್ ಮಧ್ಯದಲ್ಲಿ 20,000 ಡಾಲರ್‌ನ ಹತ್ತಿರ ಹೋಗಿ ಬಂತು. ಈ ಏರಿಕೆಗೂ ಕರೆಂಟಿಗೂ ಇರುವ ನಂಟನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಎಷ್ಟೋ ಜನ ಇದನ್ನು ತಪ್ಪಾಗಿ ತಿಳಿದುಕೊಂಡಿದ್ದಾರೆ.

ಬಿಟ್‌ಕಾಯಿನ್ ಗಣಿ ಅಂದರೆ ಅಗೆಯುವುದಲ್ಲ. ಯಂತ್ರಗಳು ಒಂದು ಸಂಖ್ಯೆಗಾಗಿ ಸುಮ್ನೆ ಊಹೆ ಮಾಡುತ್ತಾ ಕೂರುತ್ತವೆ. ಸರಿಯಾದ ಊಹೆ ಮೊದಲು ಯಾರಿಗೆ ಸಿಕ್ಕಿತೋ ಅವರು ವಹಿವಾಟುಗಳ ಒಂದು ಬ್ಲಾಕ್, ಅಂದರೆ ಲೆಕ್ಕಪುಸ್ತಕದ ಒಂದು ಪುಟ ಇದ್ದ ಹಾಗೆ, ಬರೆಯುತ್ತಾರೆ, ಬಹುಮಾನ ಅವರಿಗೆ. ಆಗ ಬಹುಮಾನ ಬ್ಲಾಕ್‌ಗೆ 12.5 ಬಿಟ್‌ಕಾಯಿನ್. ಹತ್ತು ನಿಮಿಷಕ್ಕೆ ಒಂದು ಬ್ಲಾಕ್. ದಿನಕ್ಕೆ 144 ಬ್ಲಾಕ್, 1,800 ಬಿಟ್‌ಕಾಯಿನ್.

ಈಗ ಇನ್ನೂ ಲಕ್ಷ ಯಂತ್ರ ತಂದು ಜೋಡಿಸಿದರೆ? ಬಿಟ್‌ಕಾಯಿನ್ ಜಾಸ್ತಿ ಹುಟ್ಟುವುದಿಲ್ಲ. ಪ್ರತಿ 2,016 ಬ್ಲಾಕ್‌ಗೆ, ಅಂದರೆ ಹೆಚ್ಚುಕಡಿಮೆ ಎರಡು ವಾರಕ್ಕೊಮ್ಮೆ, ವ್ಯವಸ್ಥೆಯೇ ಒಗಟನ್ನು ಕಷ್ಟ ಮಾಡಿಕೊಳ್ಳುತ್ತದೆ. ಮತ್ತೆ ಹತ್ತು ನಿಮಿಷಕ್ಕೆ ಒಂದೇ ಬ್ಲಾಕ್. ಯಂತ್ರ ದುಪ್ಪಟ್ಟಾದರೂ ಅದೇ 1,800. ಕರೆಂಟ್ ಮಾತ್ರ ಹೆಚ್ಚುಕಡಿಮೆ ದುಪ್ಪಟ್ಟು. ವಹಿವಾಟು ಒಂದು ಚೂರೂ ಬೇಗ ಆಗುವುದಿಲ್ಲ.

ಹಾಗಾದರೆ ಕರೆಂಟ್ ಎಲ್ಲಿಯವರೆಗೆ ಏರುತ್ತದೆ? ಬಹುಮಾನದ ಬೆಲೆ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ. 1,000 ಡಾಲರ್ ದರದಲ್ಲಿ ದಿನದ ಬಹುಮಾನ 18 ಲಕ್ಷ ಡಾಲರ್. 19,000 ದರದಲ್ಲಿ 3.42 ಕೋಟಿ ಡಾಲರ್. ದಿನಕ್ಕೆ 3 ಕೋಟಿ ಡಾಲರ್ ಬೀದಿಯಲ್ಲಿ ಇಟ್ಟು ಯಾರು ಬೇಕಾದರೂ ಊಹೆ ಮಾಡಿ ಎತ್ತಿಕೊಳ್ಳಿ ಅಂದರೆ, ಜನ ಅದಕ್ಕೆ ಹತ್ತಿರದ ಮೊತ್ತವನ್ನು ಯಂತ್ರಕ್ಕೂ ಕರೆಂಟಿಗೂ ಸುರಿಯುವವರೆಗೆ ನಿಲ್ಲುವುದಿಲ್ಲ.

ಯಂತ್ರ ಎಲ್ಲರಿಗೂ ಒಂದೇ. ಬೆಲೆಯೂ ಜಗತ್ತಿಗೆಲ್ಲ ಒಂದೇ. ಒಬ್ಬ ಗಣಿಗಾರ ಇನ್ನೊಬ್ಬನನ್ನು ಮೀರಿಸಬೇಕಾದರೆ ಮುಖ್ಯವಾಗಿ ಒಂದೇ ದಾರಿ, ಅಗ್ಗದ ಕರೆಂಟ್. ಯೂನಿಟ್‌ಗೆ 2 ಸೆಂಟ್ ಇರುವ ಊರು ನಕ್ಷೆಯಲ್ಲಿ ಕಾಣಿಸಿದ ಮೇಲೆ ಬರದೇ ಇರುತ್ತಾರಾ?

ಒಂದು ಯಂತ್ರ, ಒಂದು ಮನೆ

ಆಗಿನ ಮಾಮೂಲಿ ಯಂತ್ರ ಆಂಟ್‌ಮೈನರ್ ಎಸ್9. ಉದ್ದನೆಯ ಶೂ ಡಬ್ಬಿಯಷ್ಟು ದೊಡ್ಡದು, ಎರಡು ತುದಿಗೂ ಫ್ಯಾನ್. ಎಳೆಯುವುದು ಸುಮಾರು 1,350 ವಾಟ್. ಹಗಲು ರಾತ್ರಿ ನಡೆಯುತ್ತದೆ, ರಜೆ ಇಲ್ಲ. 30 ದಿನಕ್ಕೆ ಗುಣಿಸಿದರೆ 972 ಯೂನಿಟ್. ಅಮೆರಿಕದ ಒಂದು ಸರಾಸರಿ ಮನೆ ತಿಂಗಳಿಗೆ ಬಳಸುವುದು 900 ಯೂನಿಟ್‌ನ ಆಸುಪಾಸು. ಅಂದರೆ ಒಂದು ಡಬ್ಬಿ, ಒಂದು ಮನೆ.

2 ಸೆಂಟ್ ದರದಲ್ಲಿ ಆ ಡಬ್ಬಿಯ ತಿಂಗಳ ಕರೆಂಟ್ ಖರ್ಚು 19 ಡಾಲರ್ ಚಿಲ್ಲರೆ. 10 ಸೆಂಟ್ ಆಗಿದ್ದರೆ 97. 2018ರ ಜನವರಿಯ ಬಿಟ್‌ಕಾಯಿನ್ ಬೆಲೆಗೆ ಎರಡೂ ಕಡೆ ಲಾಭವೇ. ಬೆಲೆ ಬಿದ್ದಾಗ ಮಾತ್ರ ವ್ಯತ್ಯಾಸ ಕಾಣುತ್ತದೆ. ಆ ವರ್ಷದ ಕೊನೆಗೆ ಬಿಟ್‌ಕಾಯಿನ್ 3,500 ಡಾಲರ್‌ನ ಆಸುಪಾಸಿಗೆ ಬಂದಿತ್ತು. ನಾನು ಹಾಕಿದ ಒರಟು ಲೆಕ್ಕದ ಪ್ರಕಾರ ಆಗ ಒಂದು ಎಸ್9 ತಿಂಗಳಿಗೆ ದುಡಿಯುತ್ತಿದ್ದದ್ದು 60ರಿಂದ 70 ಡಾಲರ್. 10 ಸೆಂಟ್ ಕೊಡುವವನು ಯಂತ್ರ ಆಫ್ ಮಾಡಲೇಬೇಕು. 2 ಸೆಂಟ್ ಕೊಡುವವನು ಆರಾಮಾಗಿ ನಡೆಸಬಹುದು. ಪ್ಲಾಟ್ಸ್‌ಬರ್ಗ್‌ನ ದರ ಅಂದರೆ ಗಣಿಗಾರನಿಗೆ ಸಿಕ್ಕ ವಿಮೆ ಇದ್ದ ಹಾಗೆ. ಕಂತು ಕಟ್ಟುತ್ತಿದ್ದವರು ಬೇರೆಯವರು, ಅಷ್ಟೇ.

ಊರಿನ ಗಣಿಗಳಲ್ಲಿ ದೊಡ್ಡದು ಕಾಯಿನ್‌ಮಿಂಟ್ ಕಂಪನಿಯದು. 2018ರ ಜನವರಿ, ಫೆಬ್ರವರಿಯಲ್ಲಿ ಅದೊಂದೇ ನಗರದ ಪಾಲಿನ ಕರೆಂಟಿನಲ್ಲಿ ಸುಮಾರು 10 ಶೇಕಡಾ ಬಳಸಿತು. 104ರಲ್ಲಿ 10 ಮೆಗಾವಾಟ್ ಅಂದುಕೊಂಡರೆ ಏಳು ಸಾವಿರಕ್ಕೂ ಮೇಲೆ ಎಸ್9 ಡಬ್ಬಿಗಳಿಗೆ ಸಮ. 20,000 ಜನರ ಊರಿಗೆ ರಾತ್ರೋರಾತ್ರಿ ಏಳು ಸಾವಿರ ಮನೆ ಬಂದು ಸೇರಿಕೊಂಡ ಹಾಗೆ. ಮನೆಗಳು ಬಂದರೆ ಜನ ಬರುತ್ತಾರೆ, ಅಂಗಡಿಗೆ ಹೋಗುತ್ತಾರೆ, ಮಕ್ಕಳನ್ನು ಶಾಲೆಗೆ ಸೇರಿಸುತ್ತಾರೆ. ಡಬ್ಬಿಗಳು ಬಂದರೆ ಅದ್ಯಾವುದೂ ಇಲ್ಲ. ನೋಡಿಕೊಳ್ಳಲು ಬೆರಳೆಣಿಕೆಯ ಜನ ಸಾಕು.

ಚಳಿ ಬಂತು

2017ರ ಡಿಸೆಂಬರ್ ಕೊನೆಯಿಂದ 2018ರ ಜನವರಿ ಮೊದಲ ವಾರದವರೆಗೆ ಅಮೆರಿಕದ ಈಶಾನ್ಯ ಭಾಗದಲ್ಲಿ ಭಾರೀ ಚಳಿ ಹಿಡಿಯಿತು. ಪ್ಲಾಟ್ಸ್‌ಬರ್ಗ್‌ನ ಹೀಟರ್‌ಗಳು ಬಿಡುವಿಲ್ಲದೆ ಉರಿದವು. ಗಣಿ ಯಂತ್ರಗಳು ಎಂದಿನಂತೆ ಹಗಲಿರುಳೂ ನಡೆದವು. ನಗರ 104ರ ಗೋಡೆ ದಾಟಿತು.

ದಾಟಿದ್ದು ಬಹಳ ಕೆಟ್ಟ ಹೊತ್ತಿನಲ್ಲಿ. ಇಡೀ ಪ್ರದೇಶವೇ ಚಳಿಯಲ್ಲಿ ನಡುಗುತ್ತಿದ್ದಾಗ ಮುಕ್ತ ಮಾರುಕಟ್ಟೆಯಲ್ಲೂ ಕರೆಂಟ್ ದುಬಾರಿ. ಮನೆ ಬಿಸಿ ಮಾಡಲೂ ಗ್ಯಾಸ್ ಬೇಕು, ವಿದ್ಯುತ್ ಸ್ಥಾವರ ನಡೆಸಲೂ ಗ್ಯಾಸ್ ಬೇಕು. ಬೆಲೆ ಏರದೇ ಇರುತ್ತದಾ?

ಹಂಚಿಕೆ ಹೇಗೆ ಕೆಲಸ ಮಾಡುತ್ತದೆ ಎಂದು ಸಣ್ಣ ಅಂಕಿಗಳಲ್ಲಿ ನೋಡೋಣ. ಇದು ನಿಜವಾದ ಬಿಲ್ ಅಲ್ಲ, ತಿಳಿಯಲಿ ಅಂತ ಮಾಡಿದ ಲೆಕ್ಕ. 104 ಪಾಲು ಕರೆಂಟ್ 2 ಸೆಂಟ್‌ನಂತೆ ಸಿಗುತ್ತದೆ, ಒಟ್ಟು 208. ಊರಿಗೆ ಬೇಕಾಗಿದ್ದು 114. ಉಳಿದ 10 ಪಾಲನ್ನು 10 ಸೆಂಟ್‌ನಂತೆ ತಂದರೆ ಇನ್ನು 100. ಒಟ್ಟು 308. ಅದನ್ನು 114ಕ್ಕೆ ಹಂಚಿದರೆ ತಲಾ 2.7 ಸೆಂಟ್. ಎಲ್ಲರಿಗೂ 35 ಶೇಕಡಾ ಏರಿಕೆ. ಒಂದು ಬಲ್ಬ್ ಕೂಡ ಜಾಸ್ತಿ ಉರಿಸದ ಮನೆಗೂ ಅಷ್ಟೇ, 10 ಪಾಲು ಹೊಸದಾಗಿ ಎಳೆದವನಿಗೂ ಅಷ್ಟೇ. ಅವನು ತಂದ ಹೆಚ್ಚುವರಿ ಖರ್ಚು 100, ಅವನ ಬಿಲ್ 27. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ!

ರಾಜ್ಯದ ಸಾರ್ವಜನಿಕ ಸೇವಾ ಆಯೋಗ, ಅಂದರೆ ಅಲ್ಲಿನ ವಿದ್ಯುತ್ ದರ ನಿಯಂತ್ರಕರು, ಆಮೇಲೆ ಹೇಳಿದ ಪ್ರಕಾರ ಆ ಜನವರಿಯಲ್ಲಿ ಎರಡು ಗಣಿ ಕಂಪನಿಗಳಿಂದಾಗಿ ಒಂದು ಸರಾಸರಿ ಮನೆಯ ಬಿಲ್ ಸುಮಾರು 10 ಡಾಲರ್ ಏರಿತ್ತು. ಹೀಟರ್ ಜಾಸ್ತಿ ಓಡಿಸುವ ಮನೆಗಳಿಗೆ ಸಹಜವಾಗಿಯೇ ಜಾಸ್ತಿ ಬಿತ್ತು. 10 ಡಾಲರ್ ಏನು ಮಹಾ ಎನ್ನಬಹುದು. ಆದರೆ ಯಾವ ವಸ್ತುವಿಗಾಗಿ ಆ 10 ಡಾಲರ್? ಅವರು ಕೊಂಡಿಲ್ಲ, ಒಪ್ಪಿಗೆ ಒತ್ತಿಲ್ಲ, ಖಾತೆ ತೆರೆದಿಲ್ಲ.

ಇನ್ನೊಂದು ವಿಚಿತ್ರ ಇದರೊಳಗೇ ಇದೆ. ಎಸ್9 ಎಳೆಯುವ 1,350 ವಾಟ್ ಕೊನೆಗೆ ಏನಾಗುತ್ತದೆ? ಪೂರ್ತಿ ಬಿಸಿ. ಊಹೆ ಮಾಡಿದ್ದಕ್ಕೆ ಬೇರೆ ಯಾವ ರೂಪದಲ್ಲೂ ಶಕ್ತಿ ಉಳಿಯುವುದಿಲ್ಲ. ಅಂದರೆ ಅದು ಒಂದು ರೂಮ್ ಹೀಟರ್ರೇ. ಊರಿನವರು ದುಬಾರಿ ಕರೆಂಟ್ ಸುಟ್ಟು ಮನೆ ಬೆಚ್ಚಗಿಡಲು ಒದ್ದಾಡುತ್ತಿದ್ದರು. ಸಾವಿರಾರು ಹೀಟರ್‌ಗಳಷ್ಟು ಬಿಸಿಗಾಳಿಯನ್ನು ಗಣಿಗಳ ಫ್ಯಾನ್‌ಗಳು ಹೊರಗಿನ ಚಳಿಗೆ ಊದುತ್ತಿದ್ದವು.

ದೂರು ಯಾರಿಗೆ ಕೊಡಬೇಕು

ತಂತ್ರಜ್ಞಾನ ಕಂಪನಿಗಳ ಮೇಲೆ ನಮಗೆಲ್ಲ ದಿನಾ ಒಂದಲ್ಲ ಒಂದು ಸಣ್ಣ ಸಿಟ್ಟು ಇದ್ದೇ ಇರುತ್ತದೆ. ಕೇಳದ ಅಪ್‌ಡೇಟ್ ಬಂದು ಚೆನ್ನಾಗಿದ್ದ ಫೋನ್ ನಿಧಾನ ಆಗುತ್ತದೆ. ಸಹಾಯವಾಣಿಗೆ ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ, ಮತ್ತೆ ಮೊದಲಿನಿಂದ ಒತ್ತಿ. ಮನುಷ್ಯ ಸಿಗುವುದಿಲ್ಲ. ಆದರೂ ಅಲ್ಲಿ ನಾವು ಗ್ರಾಹಕರು. ಬೇಡ ಅನ್ನಿಸಿದರೆ ಬಿಟ್ಟು ಬರಬಹುದು, ಕಡೇ ಪಕ್ಷ ಒಂದು ಸ್ಟಾರ್ ಕೊಟ್ಟು ಸಿಟ್ಟು ತೀರಿಸಿಕೊಳ್ಳಬಹುದು.

ಪ್ಲಾಟ್ಸ್‌ಬರ್ಗ್‌ನವರಿಗೆ ಅದೂ ಇರಲಿಲ್ಲ. ಗಣಿಯ ಗ್ರಾಹಕರೇ ಅಲ್ಲದ ಮೇಲೆ ಬಿಡುವುದು ಏನನ್ನು? ಮೀಟರನ್ನು ಕಿತ್ತು ಹಾಕಬೇಕಷ್ಟೆ. ಫ್ಯಾನ್ ಸದ್ದಿನ ದೂರೂ ಮುಂದೆ ಸೇರಿಕೊಂಡಿತು. ಜಾಸ್ತಿ ಎತ್ತರದ, ಒಂದೇ ಸಮನೆ ಕೊರೆಯುವ ಸದ್ದು. ರಾತ್ರಿಯೂ ನಿಲ್ಲುವುದಿಲ್ಲ.

ಅದೇ ಚಳಿಗಾಲದಲ್ಲಿ ಇದೇ ಬಗೆಯ ಸಿಟ್ಟು ಇನ್ನೊಂದು ಕಡೆಯೂ ಇತ್ತು. ಎಥೀರಿಯಂ ಎಂಬ ಇನ್ನೊಂದು ಡಿಜಿಟಲ್ ಹಣದ ಗಣಿಗಾರರು, ಅದರ ಊಹೆಯ ಕೆಲಸಕ್ಕೆ ಬೇಕಾದ ಗ್ರಾಫಿಕ್ಸ್ ಕಾರ್ಡ್‌ಗಳನ್ನು ಬಾಚಿಕೊಂಡು ಹೋಗಿದ್ದರು. ಕಂಪ್ಯೂಟರ್ ಗೇಮ್ ಆಡುವವರಿಗೆ ಕಾರ್ಡ್ ಸಿಗುತ್ತಿರಲಿಲ್ಲ, ಸಿಕ್ಕರೂ ಬೆಲೆ ವಿಪರೀತ. ತಯಾರಕ ಎನ್‌ವಿಡಿಯಾ ಮಾರಾಟಗಾರರಿಗೆ "ಗೇಮರ್‌ಗಳಿಗೆ ಮೊದಲು ಕೊಡಿ" ಎಂಬರ್ಥದ ಸಲಹೆ ಕೊಟ್ಟಿತು. ಕೇಳಲು ಚೆಂದ. ಆದರೆ 2022ರ ಮೇ ತಿಂಗಳಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕರು ಅದೇ ಕಂಪನಿಗೆ 55 ಲಕ್ಷ ಡಾಲರ್ ದಂಡ ಹಾಕಿದರು. ಗೇಮಿಂಗ್ ವಿಭಾಗದ ಆದಾಯ ಏರಿದ್ದರಲ್ಲಿ ಕ್ರಿಪ್ಟೋ ಗಣಿಗಾರಿಕೆಯ ಪಾಲು ದೊಡ್ಡದಿತ್ತು, ಅದನ್ನು ಹೂಡಿಕೆದಾರರಿಗೆ ಸರಿಯಾಗಿ ತಿಳಿಸಲಿಲ್ಲ ಎಂಬುದು ಆರೋಪ. ಕಂಪನಿ ಆರೋಪವನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ, ದಂಡ ಕಟ್ಟಿತು. ಕಾರ್ಡ್ ಸಿಗದೆ ಕೈ ಹಿಸುಕಿಕೊಂಡ ಗೇಮರ್, ಕಂಪನಿಯ ಲೆಕ್ಕಪುಸ್ತಕದಲ್ಲಿ ಮಾತ್ರ ಕಾರ್ಡ್ ಕೊಂಡವನಾಗಿ ಕೂತಿದ್ದ ಅನ್ನಿ.

2018ರ ಮಾರ್ಚ್ 15

ಆಗ ಪ್ಲಾಟ್ಸ್‌ಬರ್ಗ್‌ನ ಮೇಯರ್ ಕಾಲಿನ್ ರೀಡ್. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಪ್ರೊಫೆಸರ್ ಕೂಡ. ಒಬ್ಬನ ಲಾಭದ ಖರ್ಚು ಇನ್ನೊಬ್ಬನ ಮೇಲೆ ಬೀಳುವುದಕ್ಕೆ ಅರ್ಥಶಾಸ್ತ್ರದಲ್ಲಿ ಪಾಠಗಳೇ ಇವೆ. ಅದು ತರಗತಿ ಬಿಟ್ಟು ಮೇಯರ್ ಮೇಜಿಗೇ ಬಂದು ಕೂತಿತ್ತು.

ಮಾರ್ಚ್ 15ರಂದು ನಗರ ಸಭೆ ಹೊಸ ವಾಣಿಜ್ಯ ಕ್ರಿಪ್ಟೋ ಗಣಿಗಳಿಗೆ 18 ತಿಂಗಳ ತಡೆ ಹಾಕಿತು. ಇಲ್ಲಿ "ಹೊಸ" ಎಂಬ ಮಾತು ಮುಖ್ಯ. ಆಗಲೇ ನಡೆಯುತ್ತಿದ್ದ ಗಣಿಗಳಿಗೆ ಏನೂ ಆಗಲಿಲ್ಲ. ಜನವರಿಯ ಬಿಲ್ ಏರಿಸಿದ ಯಂತ್ರಗಳು ಮಾರ್ಚ್ 16ರ ಬೆಳಿಗ್ಗೆಯೂ ಸದ್ದು ಮಾಡುತ್ತಲೇ ಇದ್ದವು. ಸುದ್ದಿಯ ತಲೆಬರಹ ಓದಿದವರಿಗೆ ಊರೇ ಗಣಿಗಳನ್ನು ಓಡಿಸಿತು ಅನ್ನಿಸಿರಬಹುದು. ನಗರಕ್ಕೆ ಸಿಕ್ಕಿದ್ದು ಯೋಚಿಸಲು ಒಂದಿಷ್ಟು ಸಮಯ, ಅಷ್ಟೇ. ನನ್ನ ಪ್ರಕಾರ ಅದೂ ಬೇಕಿತ್ತು. ನಿಯಮ ಬರೆದು ಮುಗಿಸುವುದರೊಳಗೆ ಇನ್ನೂ ನಾಲ್ಕು ಗಣಿ ಬಂದು ಕೂತರೆ ನಿಯಮ ಬರೆದು ಪ್ರಯೋಜನ ಏನು?

ಅದೇ ದಿನ ರಾಜಧಾನಿ ಆಲ್ಬನಿಯಿಂದ ಸಾರ್ವಜನಿಕ ಸೇವಾ ಆಯೋಗದ ಆದೇಶ ಬಂತು. ರಾಜ್ಯದಲ್ಲಿ ಇಂಥ 36 ನಗರ ವಿದ್ಯುತ್ ಸಂಸ್ಥೆಗಳ ಒಕ್ಕೂಟವಿದೆ, ಅರ್ಜಿ ಹಾಕಿದ್ದು ಅದು. ಆದೇಶದ ತಿರುಳು ಹೀಗೆ: ಗರಿಷ್ಠ ಬೇಡಿಕೆ 300 ಕಿಲೋವಾಟ್ ದಾಟಬೇಕು, ಜೊತೆಗೆ ಕಟ್ಟಡದ ಪ್ರತಿ ಚದರ ಅಡಿಗೆ ವರ್ಷಕ್ಕೆ 250 ಯೂನಿಟ್‌ಗಿಂತ ಜಾಸ್ತಿ ಬಳಕೆ ಇರಬೇಕು. ಅಂಥ ಗ್ರಾಹಕರಿಗೆ ಬೇರೆ ದರ ಹಾಕಬಹುದು. ಅವರಿಗಾಗಿ ಹೊರಗಿನಿಂದ ತಂದ ದುಬಾರಿ ಕರೆಂಟಿನ ಖರ್ಚು ಅವರ ಮೇಲೆಯೇ ಬೀಳುತ್ತದೆ.

ಈ ಅಳತೆ ನನಗೆ ಬಹಳ ಇಷ್ಟವಾಯಿತು. ಯಾಕೆ ಅಂತ ಹೇಳುತ್ತೇನೆ. ಇದರಲ್ಲಿ ಬಿಟ್‌ಕಾಯಿನ್ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯೇ ಬರುವುದಿಲ್ಲ. ಆ ಜಗಳಕ್ಕೆ ಕೊನೆ ಇಲ್ಲ. ವಿದ್ಯುತ್ ಇಲಾಖೆಯವರು ಹಣದ ಭವಿಷ್ಯ ಏನು ಎಂದು ತೀರ್ಮಾನಿಸುತ್ತಾ ಕೂರಬೇಕಾಗಿಲ್ಲ. ಚದರ ಅಡಿಗೆ ಎಷ್ಟು ಯೂನಿಟ್ ಎಂದು ನೋಡಿದರೆ ಸಾಕು. ಕಾರ್ಖಾನೆಗೆ ಯಂತ್ರ ಬೇಕು, ಜನ ಓಡಾಡಲು ಜಾಗ ಬೇಕು, ಗೋದಾಮು ಬೇಕು. ಹಾಗಾಗಿ ಅದು ಚದರ ಅಡಿಯ ಲೆಕ್ಕದಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುವುದಿಲ್ಲ. ಗೋಡೆಯಿಂದ ಗೋಡೆಗೆ ಡಬ್ಬಿ ಜೋಡಿಸಿದ ಗಣಿ ಸಿಕ್ಕಿಬೀಳುತ್ತದೆ. ಎಸ್9 ಒಂದರ ವರ್ಷದ ಬಳಕೆ ಸುಮಾರು 11,800 ಯೂನಿಟ್. 47 ಚದರ ಅಡಿ ಜಾಗಕ್ಕೆ ಒಂದೇ ಡಬ್ಬಿ ಇಟ್ಟರೂ 250ರ ಮಿತಿ ಮುಟ್ಟುತ್ತದೆ. ಅಷ್ಟು ವಿಶಾಲವಾಗಿ ಯಾವ ಗಣಿಗಾರನೂ ಯಂತ್ರ ಇಡುವುದಿಲ್ಲ.

ಗಣಿಗಾರರ ಕಡೆಯ ಮಾತು

ಅವರ ವಾದದಲ್ಲೂ ಹುರುಳಿದೆ, ಅದನ್ನು ಪಕ್ಕಕ್ಕೆ ತಳ್ಳಿದರೆ ಪ್ರಕರಣ ಅರ್ಧ ಆಗುತ್ತದೆ. ಅವರು ಕಾನೂನು ಮುರಿದಿರಲಿಲ್ಲ. ಕರೆಂಟ್ ಕದ್ದಿರಲಿಲ್ಲ. ನಗರವೇ ಗೊತ್ತು ಮಾಡಿದ ದರಕ್ಕೆ ಬಿಲ್ ಕಟ್ಟುತ್ತಿದ್ದರು. ಕೈಗಾರಿಕೆ ಬರಲಿ ಅಂತಲೇ ಆ ದರ ಇಟ್ಟಿದ್ದು, ಬಂದ ಮೇಲೆ ಯಾಕೆ ಬಂದಿರಿ ಅಂದರೆ ಹೇಗೆ?

ಇನ್ನೊಂದು ಮಾತು. ಹಗಲು ರಾತ್ರಿ ಒಂದೇ ಸಮನೆ ಕರೆಂಟ್ ಎಳೆಯುವ ಗ್ರಾಹಕ ಸಾಮಾನ್ಯವಾಗಿ ವಿದ್ಯುತ್ ಕಂಪನಿಗೆ ಅಚ್ಚುಮೆಚ್ಚು. ಸಂಜೆ ಏರಿಳಿತ ಇಲ್ಲ, ಲೆಕ್ಕ ಹಾಕಲು ಸುಲಭ. ಗೋಡೆ ದಾಟಿದ್ದು ಗಣಿಯಿಂದಲೋ ಹೀಟರ್‌ನಿಂದಲೋ? ಗಣಿ ಡಿಸೆಂಬರ್‌ನಲ್ಲೂ ಅಷ್ಟೇ ಎಳೆಯುತ್ತಿತ್ತು, ಜನವರಿಯಲ್ಲೂ ಅಷ್ಟೇ. ಏರಿದ್ದು ಹೀಟರ್ ಬಳಕೆ. ಹಾಗಿದ್ದ ಮೇಲೆ ಕೊನೆಯ ಹತ್ತು ಪಾಲು ನಮ್ಮದು ಎಂದು ಹೇಗೆ ಹೇಳುತ್ತೀರಿ?

ಕೇಳುವುದಕ್ಕೆ ಜಾಣ ಪ್ರಶ್ನೆ. ಆದರೆ ಊರಿನ ಹೀಟರ್‌ಗಳು ದಶಕಗಳಿಂದ ಅಲ್ಲೇ ಇದ್ದವು. ಆ 104 ಮೆಗಾವಾಟ್‌ನ ನೆರಳಲ್ಲೇ ಜನ ಮನೆ ಕಟ್ಟಿಕೊಂಡಿದ್ದು. ಚಳಿಗಾಲಕ್ಕೆಂದು ಉಳಿಯುತ್ತಿದ್ದ ಜಾಗವನ್ನು ಗಣಿ ವರ್ಷಪೂರ್ತಿ ತುಂಬಿಬಿಟ್ಟಿತು. ಮೇಲಾಗಿ, ಅಂಥ ರಾತ್ರಿ ಮನೆಯವರು ಹೀಟರ್ ಆಫ್ ಮಾಡಿದರೆ ಪೈಪಿನ ನೀರು ಹೆಪ್ಪುಗಟ್ಟುತ್ತದೆ. ಗಣಿಯವರು ಯಂತ್ರ ಆಫ್ ಮಾಡಿದರೆ ಆ ರಾತ್ರಿಯ ಬಹುಮಾನ ಬೇರೆಯವರ ಪಾಲಾಗುತ್ತದೆ. ಯಾರು ಆಫ್ ಮಾಡಬಹುದಿತ್ತು ಎಂದು ಕೇಳಿದರೆ ನನಗಂತೂ ಉತ್ತರ ಕಷ್ಟ ಅನ್ನಿಸುವುದಿಲ್ಲ.

ಹಾಗಂತ ತಪ್ಪೆಲ್ಲ ಗಣಿಯವರ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ಹಂಚಿಕೆಯ ನಿಯಮದಲ್ಲೇ ತೂತು ಇತ್ತು. ಊರಿನವರೆಲ್ಲ ಹೆಚ್ಚುಕಡಿಮೆ ಒಂದೇ ಥರ ಬಳಸುವವರೆಗೆ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಆಮೇಲೆ

ತಡೆ 18 ತಿಂಗಳು ಪೂರ್ತಿ ನಡೆಯಲಿಲ್ಲ. 2019ರ ಫೆಬ್ರವರಿ ಕೊನೆಗೆ ನಗರ ಸಭೆ ಅದನ್ನು ತೆಗೆದುಹಾಕಿತು. ಅಷ್ಟರಲ್ಲಿ ಹೊಸ ದರದ ನಿಯಮ ಇತ್ತು. ಬೆಂಕಿ ಸುರಕ್ಷತೆ, ಸದ್ದು, ಬಿಸಿಗಾಳಿಯ ಬಳಕೆ, ಇವುಗಳ ಬಗ್ಗೆ ನಗರದ ಷರತ್ತುಗಳೂ ಸಿದ್ಧವಾಗಿದ್ದವು. ಬಿಟ್‌ಕಾಯಿನ್ 4,000 ಡಾಲರ್‌ಗಿಂತ ಕೆಳಗಿತ್ತು. ಅಂಥ ಹೊತ್ತಿನಲ್ಲಿ ಬಾಗಿಲು ತೆಗೆದರೆ ನೂಕುನುಗ್ಗಲು ಇರುವುದಿಲ್ಲ ಎಂದು ಯಾರು ಬೇಕಾದರೂ ಹೇಳಬಹುದಿತ್ತು.

ಪ್ಲಾಟ್ಸ್‌ಬರ್ಗ್ ಒಂದೇ ಅಲ್ಲ, ದೇಶದ ಇನ್ನೊಂದು ತುದಿಯಲ್ಲಿ ವಾಷಿಂಗ್ಟನ್ ರಾಜ್ಯದ ಚೆಲಾನ್ ಕೌಂಟಿಯ ಸಾರ್ವಜನಿಕ ವಿದ್ಯುತ್ ಸಂಸ್ಥೆಯೂ ಅದೇ ಮಾರ್ಚ್‌ನಲ್ಲಿ ಹೊಸ ಗಣಿ ಅರ್ಜಿಗಳಿಗೆ ತಡೆ ಹಾಕಿತ್ತು. ಅಲ್ಲೂ ಅಗ್ಗದ ಜಲವಿದ್ಯುತ್, ಅಲ್ಲೂ ಅದೇ ನೂಕಾಟ.

ಬಿಲ್ ಏರಿದ್ದು ಒಂದು ಊರಿನ ಒಂದು ತಿಂಗಳ ಮಾತು ಎಂದು ತಳ್ಳಿಹಾಕುವ ಹಾಗೂ ಇಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್‌ನ ಸಂಶೋಧಕರು ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದ ಲೆಕ್ಕ ತೆಗೆದರು. 2021ರಲ್ಲಿ ಅವರು ಕೊಟ್ಟ ಅಂದಾಜಿನ ಪ್ರಕಾರ ಗಣಿಗಾರಿಕೆಯಿಂದ ಅಲ್ಲಿನ ಸಣ್ಣ ವ್ಯಾಪಾರಗಳ ಕರೆಂಟ್ ಬಿಲ್ ವರ್ಷಕ್ಕೆ ಒಟ್ಟು 16.5 ಕೋಟಿ ಡಾಲರ್ ಏರಿತ್ತು, ಮನೆಗಳದ್ದು 7.9 ಕೋಟಿ. ತೆರಿಗೆ ರೂಪದಲ್ಲಿ ಊರುಗಳಿಗೆ ವಾಪಸ್ ಬಂದದ್ದು ಇದರಲ್ಲಿ ಸಣ್ಣ ಪಾಲು.

2021ರಲ್ಲಿ ಚೀನಾ ಗಣಿಗಾರಿಕೆಯನ್ನು ಮುಚ್ಚಿಸಿತು. ಯಂತ್ರಗಳು ಹಡಗು ಹತ್ತಿ ಬೇರೆ ದೇಶಗಳಿಗೆ ಹೊರಟವು. ಕೆಲವೇ ತಿಂಗಳಲ್ಲಿ ಬಿಟ್‌ಕಾಯಿನ್ ಗಣಿಗಾರಿಕೆಯ ಅತಿ ದೊಡ್ಡ ಪಾಲು ಅಮೆರಿಕಕ್ಕೆ ಬಂತು. ನ್ಯೂಯಾರ್ಕ್‌ನಲ್ಲಿ ಈ ಸಲ ಗಲಾಟೆ ಎದ್ದದ್ದು ಸೆನೆಕಾ ಸರೋವರದ ದಡದ ಡ್ರೆಸ್ಡೆನ್‌ನಲ್ಲಿ. ಹಿಂದೆ ಕಲ್ಲಿದ್ದಲು ಸುಡುತ್ತಿದ್ದ ಹಳೆಯ ಸ್ಥಾವರ ಅದು. ಅದನ್ನು ಗ್ಯಾಸ್‌ಗೆ ಬದಲಾಯಿಸಿದ್ದರು, ಈಗ ಅಲ್ಲೇ ಬಿಟ್‌ಕಾಯಿನ್ ಯಂತ್ರಗಳು. ತಾನೇ ಸುಟ್ಟು ತಾನೇ ಬಳಸುವ ಗಣಿ.

2022ರ ಸೆಪ್ಟೆಂಬರ್ 15ರಂದು ಎಥೀರಿಯಂ ಊಹೆಯ ಪಂದ್ಯವನ್ನೇ ಕೈಬಿಟ್ಟಿತು. ಯಂತ್ರಗಳ ಬದಲು ಅಡವಿಟ್ಟ ನಾಣ್ಯಗಳ ಮೇಲೆ ಬ್ಲಾಕ್ ಬರೆಯುವ ಪದ್ಧತಿಗೆ ಹೊರಳಿತು. ಅದರ ಕರೆಂಟ್ ಬಳಕೆ 99.9 ಶೇಕಡಾಕ್ಕೂ ಹೆಚ್ಚು ಇಳಿಯಿತು. ಇಷ್ಟು ವರ್ಷ ಇದು ಅನಿವಾರ್ಯ ಎಂದು ನಮಗೆ ಹೇಳುತ್ತಿದ್ದರಲ್ವಾ! ಬಿಟ್‌ಕಾಯಿನ್ ಮಾತ್ರ ಹಳೆಯ ದಾರಿಯಲ್ಲೇ ಇದೆ.

ಅದೇ ವರ್ಷ ನವೆಂಬರ್ 22ರಂದು ನ್ಯೂಯಾರ್ಕ್ ಗವರ್ನರ್ ಕ್ಯಾಥಿ ಹೋಕಲ್ ಒಂದು ಕಾನೂನಿಗೆ ಸಹಿ ಹಾಕಿದರು. ಡ್ರೆಸ್ಡೆನ್‌ನಂಥ ಪಳೆಯುಳಿಕೆ ಇಂಧನದ ಸ್ಥಾವರಗಳು ಗಣಿಗಾಗಿ ಹೊಸ ವಾಯು ಪರವಾನಗಿ ಕೇಳಿದರೆ ಎರಡು ವರ್ಷ, ಅಂದರೆ 2024ರ ನವೆಂಬರ್‌ವರೆಗೆ, ಕೊಡುವ ಹಾಗಿರಲಿಲ್ಲ. ಹೊಗೆ ಕಾರುವ ಗಣಿಗೆ ಇದು ಸರಿಯಾದ ಹೊಡೆತ. ಆದರೆ ಪ್ಲಾಟ್ಸ್‌ಬರ್ಗ್‌ಗೆ ಈ ಕಾನೂನಿನಿಂದ ಏನೂ ಆಗಲಿಲ್ಲ. ಅಲ್ಲಿ ಬರುವುದು ನೀರಿನಿಂದ ಹುಟ್ಟಿದ ಕರೆಂಟ್, ಗ್ರಿಡ್ ತಂತಿಯಲ್ಲಿ ಹರಿದು ಬರುವ ಕರೆಂಟ್. ಹೊಗೆ ಇಲ್ಲ, ಹಾಗಾಗಿ ವಾಯು ಪರವಾನಗಿಯ ಮಾತೇ ಇಲ್ಲ. ನಾಳೆ ಅಲ್ಲಿ ಹೊಸ ಗಣಿ ಬಂದರೆ ಪಕ್ಕದ ಮನೆಯ ಬಿಲ್ ಕಾಯುವುದು 2018ರ ಆ ಎರಡು ಅಂಕಿಗಳೇ, 300 ಕಿಲೋವಾಟ್ ಮತ್ತು ಚದರ ಅಡಿಗೆ 250 ಯೂನಿಟ್.